ವಾದಧರ್ಮವೂ ಕೈಯೊಳಗಿನ ಯಂತ್ರವೂ

೧

ಬೆಂಗಳೂರಿನ ಉತ್ತರಕ್ಕೆ ಜಾಲಹಳ್ಳಿಯನ್ನು ದಾಟಿದರೆ ಸಿಕ್ಕುವ ಅಬ್ಬಿಗೆರೆಯು ಹಿಂದೆ ಕೆರೆಯನ್ನೂ ಹೊಲಗಳನ್ನೂ ನೆಚ್ಚಿಕೊಂಡಿದ್ದ ಹಳ್ಳಿ; ಇಂದು ಕಾರ್ಖಾನೆಗಳಿಂದಲೂ ಮನೆಗಳಿಂದಲೂ ತುಂಬಿದ ನಗರದ ಒಂದು ಭಾಗ. ಅದರ ನೆರೆಯ ಜಾಲಹಳ್ಳಿಯಲ್ಲಿ ಎಚ್. ಎಂ. ಟಿ. ಸಂಸ್ಥೆಯವರು ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಕೈಗಡಿಯಾರಗಳನ್ನು ಮಾಡತೊಡಗಿದರು. ಒಂದು ತಲೆಮಾರಿನ ಕನ್ನಡಿಗರಿಗೆ ಕಾಲವನ್ನು ತೋರಿಸಿಕೊಟ್ಟುದು ಆ ಗಡಿಯಾರವೇ. ೨೦೧೬ರಲ್ಲಿ ಕೇಂದ್ರ ಸರ್ಕಾರವು ಆ ಗಡಿಯಾರದ ಉದ್ಯಮವನ್ನು ಮುಚ್ಚಲು ತೀರ್ಮಾನಿಸಿತು. ಅಷ್ಟು ಹೊತ್ತಿಗೆ ಆ ಸುತ್ತಿನ ಜನರು ಹೊತ್ತನ್ನು ನೋಡುವುದಕ್ಕೆ ಮಣಿಕಟ್ಟನ್ನು ಬಿಟ್ಟು ಅಂಗೈಯನ್ನು ನೋಡುವ ಅಭ್ಯಾಸಕ್ಕೆ ಬಿದ್ದಿದ್ದರು. ಗಡಿಯಾರವು ಕೇಳಿದವರಿಗೆ ಕಾಲವನ್ನು ಹೇಳುತ್ತಿತ್ತು. ಮೊಬೈಲಾದರೋ ಕೇಳದವರನ್ನೂ ಕೂಗಿ ಕರೆದು ಅವರ ಕಾಲವನ್ನು ಬೇಡುತ್ತದೆ. ಎರಡು ಯಂತ್ರಗಳಿಗೂ ಇರುವ ಮುಖ್ಯವಾದ ಭೇದ ಇದೇ.

ಈ ಯಂತ್ರದಿಂದ ವ್ಯಾಪಾರಿಗೂ ರೈತನಿಗೂ ಮಕ್ಕಳನ್ನು ದೂರದೇಶಕ್ಕೆ ಕಳುಹಿಸಿಕೊಟ್ಟ ತಾಯಿತಂದೆಗಳಿಗೂ ಆಗಿರುವ ಉಪಕಾರವು ಸರ್ವವಿದಿತವಾದುದು. ಅದನ್ನು ಅಲ್ಲಗಳೆಯುವುದು ಇಲ್ಲಿಯ ಉದ್ದೇಶವಲ್ಲ. ವಿಚಾರಕ್ಕೆ ತೆಗೆದುಕೊಂಡಿರುವುದು ಒಂದೇ ಪ್ರಶ್ನೆ: ತತ್ತ್ವವಿಚಾರವನ್ನೇ ವೃತ್ತಿಯಾಗಿ ಮಾಡಿಕೊಂಡವರು, ಎಂದರೆ ಕಾಲೇಜುಗಳಲ್ಲಿ ದರ್ಶನಶಾಸ್ತ್ರವನ್ನು ಕಲಿಸುವವರು, ಕಲಿಯುವವರು, ವಿದ್ವತ್ಪತ್ರಿಕೆಗಳಿಗೆ ಬರೆಯುವವರು, ಈ ಯಂತ್ರವನ್ನೂ ಅದರ ಮೂಲಕ ನಡೆಯುವ ಸಾಮಾಜಿಕ ಜಾಲತಾಣಗಳನ್ನೂ ಯಾವ ಧರ್ಮಕ್ಕೆ ಒಳಪಟ್ಟು ಬಳಸತಕ್ಕದ್ದು? ಇದು ಕೆಲವೇ ಮಂದಿಯ ಮನೆವಾರ್ತೆಯೆಂದು ತೋರಬಹುದು. ಆದರೆ ವಾದಿಸುವ ಬಗೆಯನ್ನು ಎಳೆಯರು ಕಲಿಯುವುದು ಅಧ್ಯಾಪಕರು ವಾದಿಸುವುದನ್ನು ನೋಡಿ. ಸತ್ಯವನ್ನು ಹುಡುಕುವುದೇ ಕೆಲಸವೆಂದು ಸಂಬಳವನ್ನು ಪಡೆಯುವವರು ಓದದೆಯೇ ತೀರ್ಪು ಕೊಡುವುದಾದರೆ ಉಳಿದವರಿಗೆ ಬುದ್ಧಿ ಹೇಳುವವರು ಯಾರು?

ಪ್ರಶ್ನೆಯು ಗಾಳಿಯಲ್ಲಿ ತೇಲದಂತೆ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಅಬ್ಬಿಗೆರೆಯಲ್ಲಿ ಬಾಡಿಗೆಯ ಮನೆಯಲ್ಲಿರುವ ಒಬ್ಬ ಅತಿಥಿ ಉಪನ್ಯಾಸಕ. ನಗರದ ಕಾಲೇಜೊಂದರಲ್ಲಿ ತತ್ತ್ವಶಾಸ್ತ್ರವನ್ನು ಕಲಿಸುತ್ತಾನೆ. ಕೆಲಸವು ವರ್ಷದಿಂದ ವರ್ಷಕ್ಕೆ ಮುಂದುವರಿಯಬೇಕಾದುದು. ಮುಂದುವರಿಯುವುದೂ ಬಿಡುವುದೂ ಹತ್ತೆಂಟು ಹಿರಿಯರ ಅಭಿಪ್ರಾಯವನ್ನು ಹೊಂದಿರುವುದು. ಒಂದು ರಾತ್ರಿ ಹತ್ತು ಗಂಟೆಗೆ ಅವನ ವೃತ್ತಿಬಾಂಧವರ ವಾಟ್ಸಾಪ್ ಗುಂಪಿನಲ್ಲಿ ಒಂದು ಚಿತ್ರ ಬರುತ್ತದೆ. ವೃದ್ಧ ವಿದ್ವಾಂಸರೊಬ್ಬರ ಲೇಖನದ ಒಂದು ಪುಟ. ಅದರಲ್ಲಿ ಒಂದು ವಾಕ್ಯಕ್ಕೆ ಕೆಂಪು ಗೆರೆ. ವಾಕ್ಯವು ಕೇಳುವುದಕ್ಕೆ ಕಠೋರವಾಗಿದೆ. ಕೆಳಗೆ ಒಂದು ಖಂಡನಾಪತ್ರ: ಬೆಳಗಾಗುವುದರೊಳಗೆ ಎಲ್ಲರೂ ಹೆಸರು ಸೇರಿಸಬೇಕು. ಗಂಟೆಯೊಳಗೆ ನಲವತ್ತು ಹೆಸರುಗಳು ಸೇರುತ್ತವೆ. ಅವುಗಳಲ್ಲಿ ಅವನ ನೇಮಕವನ್ನು ನಿರ್ಧರಿಸತಕ್ಕವರ ಹೆಸರುಗಳೂ ಇವೆ. ಅವನು ಲೇಖನವನ್ನು ಓದಿಲ್ಲ. ಸುಮ್ಮನಿದ್ದರೆ ಆ ಮೌನಕ್ಕೂ ಅರ್ಥ ಕಟ್ಟುತ್ತಾರೆ. ಅವನು ಏನು ಮಾಡತಕ್ಕದ್ದು?

೨

ಉತ್ತರವನ್ನು ಹುಡುಕುವುದಕ್ಕೆ ಮೊದಲು ಯಂತ್ರಕ್ಕೆ ಸಲ್ಲತಕ್ಕ ನ್ಯಾಯವನ್ನು ಸಲ್ಲಿಸಬೇಕು. ತತ್ತ್ವಶಾಸ್ತ್ರವನ್ನು ಓದಬೇಕೆಂಬ ಬಡ ವಿದ್ಯಾರ್ಥಿಗೆ ಹಿಂದೆ ಇದ್ದ ದೊಡ್ಡ ಅಡ್ಡಿ ಪುಸ್ತಕದ ಅಭಾವ. ಒಳ್ಳೆಯ ಪುಸ್ತಕಭಂಡಾರವಿದ್ದ ಊರುಗಳು ಬೆರಳೆಣಿಕೆಯವು. ಯಶವಂತಪುರದ ಬಳಿಯ ಭಾರತೀಯ ವಿಜ್ಞಾನ ಸಂಸ್ಥೆಯು ಈ ಶತಮಾನದ ಮೊದಲ ದಶಕದಲ್ಲಿ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯ' ಯೋಜನೆಗೆ ಮುಂದಾಳಾಗಿ ನಿಂತು ಹಳೆಯ ಪುಸ್ತಕಗಳ ಪುಟಗಳನ್ನು ಚಿತ್ರಗಳಾಗಿ ಉಳಿಸುವ ಕಾರ್ಯವನ್ನು ನಡೆಸಿತು. ಹಾಗೆ ಉಳಿದ ಕನ್ನಡ, ಸಂಸ್ಕೃತ ಗ್ರಂಥಗಳನ್ನು ಇಂದು ಹಳ್ಳಿಯ ಹುಡುಗಿಯೊಬ್ಬಳು ಜಗಲಿಯ ಮೇಲೆ ಕುಳಿತು ಮೊಬೈಲಿನಲ್ಲಿ ಓದಬಲ್ಲಳು. ತತ್ತ್ವಶಾಸ್ತ್ರದ ಬರಹಗಳಿಗೆಂದೇ ೨೦೦೯ರಲ್ಲಿ ಹುಟ್ಟಿದ 'ಫಿಲ್‌ಪೇಪರ್ಸ್' ಎಂಬ ಸೂಚಿಯು ಲೋಕದ ಯಾವ ಮೂಲೆಯಲ್ಲಿ ಯಾರು ಏನು ಬರೆದರೆಂಬುದನ್ನು ಕ್ಷಣದಲ್ಲಿ ತಿಳಿಸುತ್ತದೆ.

೨೦೨೦ರ ಮಾರ್ಚಿನಲ್ಲಿ ಸಾಂಕ್ರಾಮಿಕದ ದೆಸೆಯಿಂದ ಶಾಲಾಕಾಲೇಜುಗಳು ಮುಚ್ಚಿದಾಗ ಪಾಠವು ಉಳಿದುದು ಈ ಯಂತ್ರದ ಬಲದಿಂದಲೇ. ಅದಿಲ್ಲದ ಮನೆಯ ಮಕ್ಕಳು ಹಿಂದೆ ಬಿದ್ದುದೂ ಅದರ ಮಹತ್ತ್ವಕ್ಕೇ ಸಾಕ್ಷಿ. ಅದಕ್ಕೂ ಮೊದಲೇ, ೨೦೧೯ರ ಸೆಪ್ಟೆಂಬರಿನಲ್ಲಿ, ನೆರೆಯ ಕೇರಳದ ಉಚ್ಚ ನ್ಯಾಯಾಲಯವು ಹಾಸ್ಟೆಲಿನಲ್ಲಿ ಸಂಜೆ ಮೊಬೈಲನ್ನು ಒಪ್ಪಿಸಲು ಒಲ್ಲೆನೆಂದು ಹೊರಗಾದ ವಿದ್ಯಾರ್ಥಿನಿಯೊಬ್ಬಳ ಪರವಾಗಿ ತೀರ್ಪು ಕೊಟ್ಟು, ಅಂತರಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿಗೆ ಸೇರಿದುದೆಂದು ಹೇಳಿತು. ಆದುದರಿಂದ ಯಂತ್ರವನ್ನು ಕಿತ್ತೊಗೆಯಿರೆಂಬ ಉಪದೇಶವು ಸುಲಭವಾದುದೇ ಹೊರತು ನ್ಯಾಯವಾದುದಲ್ಲ. ಪುಸ್ತಕದ ಮನೆಯಲ್ಲಿಯೇ ಹುಟ್ಟಿದವನು ಪುಸ್ತಕವಿಲ್ಲದವನಿಗೆ ಹೇಳುವ ಬುದ್ಧಿವಾದ ಅದು.

ಹೊಸ ಸಾಧನವನ್ನು ಕಂಡು ತತ್ತ್ವಜ್ಞರು ಬೆದರುವುದೂ ಹೊಸತಲ್ಲ. ಗ್ರೀಸಿನ ಪ್ಲೇಟೋ ತನ್ನ 'ಫೀಡ್ರಸ್' ಎಂಬ ಸಂವಾದದಲ್ಲಿ ಐಗುಪ್ತದ ಕಥೆಯೊಂದನ್ನು ಸಾಕ್ರಟೀಸನ ಬಾಯಿಂದ ಹೇಳಿಸುತ್ತಾನೆ. ಬರವಣಿಗೆಯನ್ನು ಕಂಡುಹಿಡಿದ ದೇವತೆಯು ಅದನ್ನು ಅರಸನ ಮುಂದಿಟ್ಟಾಗ ಅರಸನು, ಇದರಿಂದ ಜನರಿಗೆ ಮರೆವು ಬರುತ್ತದೆ, ತಿಳಿಯದೆಯೇ ತಿಳಿದೆವೆಂಬ ಭ್ರಾಂತಿ ಬರುತ್ತದೆ ಎಂದು ಆಕ್ಷೇಪಿಸುತ್ತಾನೆ. ಬರಹವನ್ನು ಹಳಿದ ಆ ಮಾತು ಎರಡು ಸಾವಿರದ ಮುನ್ನೂರು ವರ್ಷಗಳ ಮೇಲೂ ಉಳಿದುದು ಬರಹದ ಮೂಲಕವೇ. ಹೀಗಿರುವುದರಿಂದ ಆಕ್ಷೇಪಣೆಯು ಸುಳ್ಳೆಂದಾಗಲಿಲ್ಲ. ಸಾಧನದಿಂದ ಒದಗುವ ಲಾಭವೂ ಅದರಿಂದ ಬರುವ ಅಪಾಯವೂ ಒಂದೇ ಕೊಂಬೆಯ ಹಣ್ಣುಗಳೆಂದು ಮಾತ್ರ ಆಯಿತು. ಕೇಳಬೇಕಾದುದು ಈ ಸಾಧನವು ವಿಚಾರದ ಯಾವ ಅಂಗವನ್ನು ಬೆಳೆಸುತ್ತದೆ, ಯಾವುದನ್ನು ಸೊರಗಿಸುತ್ತದೆ ಎಂಬುದು.

೩

ಉಪನಿಷತ್ತಿನ ಸಂಪ್ರದಾಯವು ಅರಿವಿನ ದಾರಿಯನ್ನು ಶ್ರವಣ, ಮನನ, ನಿದಿಧ್ಯಾಸನವೆಂದು ಮೂರು ಮೆಟ್ಟಿಲುಗಳಾಗಿ ವಿಂಗಡಿಸಿದೆ. ಕೇಳುವುದು ಮೊದಲನೆಯದು, ಕೇಳಿದುದನ್ನು ಯುಕ್ತಿಯಿಂದ ಒರೆಗೆ ಹಚ್ಚುವುದು ಎರಡನೆಯದು, ಒರೆಗೆ ನಿಂತುದನ್ನು ತನ್ನದಾಗಿ ಮಾಡಿಕೊಳ್ಳುವುದು ಮೂರನೆಯದು. ಈ ವಿಂಗಡಣೆಯನ್ನು ಮುಂದಿಟ್ಟುಕೊಂಡು ನೋಡಿದರೆ ಮೊಬೈಲಿನ ಗುಣದೋಷಗಳು ಬೇರೆಬೇರೆಯಾಗಿ ಕಾಣುತ್ತವೆ. ಶ್ರವಣಕ್ಕೆ ಅದರಂತಹ ಸಹಾಯಕ ಹಿಂದೆ ಇರಲಿಲ್ಲ. ಆದರೆ ಮನನಕ್ಕೆ ಬೇಕಾದುದು ಹೊಸ ಸುದ್ದಿಯಲ್ಲ, ಬಿಡುವು. ಒಂದು ಶ್ರವಣಕ್ಕೂ ಇನ್ನೊಂದು ಶ್ರವಣಕ್ಕೂ ನಡುವೆ ತೆರಪಿಲ್ಲದಂತೆ ಮಾಡುವುದೇ ಜಾಲತಾಣದ ರಚನೆಯ ಗುಟ್ಟು. ಬೆರಳಿನಿಂದ ಎಷ್ಟು ತಳ್ಳಿದರೂ ಪುಟದ ಕೊನೆ ಸಿಕ್ಕುವುದಿಲ್ಲ.

ಕನ್ನಡದಲ್ಲಿ ನೀರು ನಿರ್ಮಲವಾಗುವುದಕ್ಕೆ ತಿಳಿಯಾಗುವುದು ಎಂದು ಹೆಸರು. ಮನಸ್ಸಿಗೆ ಅರ್ಥವಾಗುವುದಕ್ಕೂ ತಿಳಿಯುವುದು ಎಂದೇ ಹೆಸರು. ಈ ಎರಡು ಅರ್ಥಗಳು ಒಂದೇ ಮಾತಿನಲ್ಲಿ ಕೂಡಿರುವುದು ವಿಚಾರಪರರಿಗೆ ಒಂದು ಪಾಠವಾಗಬಹುದು. ಅಬ್ಬಿಗೆರೆಯೆಂಬ ಹೆಸರಿನ ಕೊನೆಯಲ್ಲಿ ಕೆರೆಯೇ ಗೆರೆಯಾಗಿ ನಿಂತಿದೆ. ಮಳೆಯ ಕೆಂಪುನೀರು ಹಳ್ಳದಲ್ಲಿ ಹರಿಯುವಷ್ಟು ಕಾಲವೂ ಕದಡಿದುದೇ. ಕೆರೆಯ ಏರಿಯು ಅದನ್ನು ತಡೆದು ನಿಲ್ಲಿಸಿದ ಮೇಲೆಯೇ ಮಣ್ಣು ತಳಕ್ಕಿಳಿದು ನೀರು ತಿಳಿಯಾಗುವುದು. ತಡೆಯೆಂಬುದು ನೀರಿಗೆ ಶತ್ರುವಲ್ಲ. ಮನಸ್ಸಿಗೂ ಹಾಗೆಯೇ ಒಂದು ಏರಿ ಬೇಕು.

ಮೈಸೂರಿನ ಮಹಾರಾಜಾ ಕಾಲೇಜಿನ ಹಿರಿಯಣ್ಣನವರ ಬಾಳು ಇದಕ್ಕೆ ನಿದರ್ಶನ. ೧೮೭೧ರಲ್ಲಿ ಹುಟ್ಟಿದ ಅವರು ಭಾರತೀಯ ದರ್ಶನಗಳ ರೂಪರೇಖೆಯನ್ನು ಕುರಿತ ಪ್ರಸಿದ್ಧ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದುದು ೧೯೩೨ರಲ್ಲಿ, ವಯಸ್ಸು ಅರುವತ್ತನ್ನು ದಾಟಿದ ಮೇಲೆ. ಅನೇಕ ವರ್ಷಗಳ ಕಾಲ ಮೈಸೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗೆ ಹೇಳಿದ ಪಾಠಗಳೇ ಅದರ ತಳಹದಿ. ಹೇಳಿದುದನ್ನು ಮತ್ತೆ ಹೇಳಿ, ತಿದ್ದಿ, ಬೇಡದುದನ್ನು ಬಿಟ್ಟು, ಕೊನೆಗೆ ಉಳಿದುದನ್ನು ಅಚ್ಚಿಗೆ ಕೊಟ್ಟ ಆ ಗ್ರಂಥವು ಇಂದಿಗೂ ಪಾಠಪುಸ್ತಕವಾಗಿದೆ. ಈಗಿನ ಅಧ್ಯಾಪಕನಿಗೆ ಅಷ್ಟು ಬಿಡುವಿಲ್ಲವೆಂಬುದು ನಿಜ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೦ರ ನಿಯಮಾವಳಿಯಿಂದ ಬರಹಗಳಿಗೂ ಭಾಷಣಗಳಿಗೂ ಅಂಕಗಳನ್ನು ಕೊಟ್ಟು ಎಣಿಸುವ ಪದ್ಧತಿಯನ್ನು ತಂದಿತು. ಅದಕ್ಕೆ ಒಂದು ವರ್ಷ ಮೊದಲು ಫೇಸ್‌ಬುಕ್ಕಿನಲ್ಲಿ ಮೆಚ್ಚುಗೆಯ ಗುಂಡಿ ಬಂದಿತ್ತು. ಒಂದು ಕಡೆ ಸರ್ಕಾರದ ಎಣಿಕೆ, ಇನ್ನೊಂದು ಕಡೆ ಜನಸಂದಣಿಯ ಎಣಿಕೆ. ಈ ಎರಡರ ನಡುವೆ ಸಿಕ್ಕಿದವನಿಗೆ ಎಣಿಕೆಗೆ ಸಿಗದ ಕೆಲಸವೆಲ್ಲ ವ್ಯರ್ಥವೆಂದು ತೋರತೊಡಗುವುದು ಸಹಜ. ಆದರೆ ಮನನವು ಎಣಿಕೆಗೆ ಸಿಗತಕ್ಕುದಲ್ಲ.

ಈ ಸೆಳೆತವು ಬರಿಯ ಮನೋದೌರ್ಬಲ್ಯವೆಂದು ತಳ್ಳಿಹಾಕುವ ಹಾಗೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ತಂತ್ರಜ್ಞಾನದ ಮಿತಿಮೀರಿದ ಬಳಕೆಯಿಂದ ಬಳಲುವವರಿಗಾಗಿ ೨೦೧೪ರಲ್ಲಿಯೇ ಒಂದು ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಬೇಕಾಯಿತು. ತತ್ತ್ವಶಾಸ್ತ್ರವನ್ನು ಓದಿದವನಿಗೆ ಈ ಸೆಳೆತದಿಂದ ವಿನಾಯಿತಿ ಇಲ್ಲ. ತಾನು ಮಾತಿನಲ್ಲಿ ನಿಪುಣನೆಂಬ ಹೆಮ್ಮೆಯಿರುವವನಿಗೆ ಮಾತಿನ ಸಂತೆಯು ಇನ್ನೂ ಹೆಚ್ಚಾಗಿ ರುಚಿಸುವುದೆಂದೇ ಹೇಳಬೇಕು.

೪

ಬಿಡುವಿನ ವಿಷಯ ಇಷ್ಟು. ಇನ್ನು ವಾದದ ರೀತಿಯ ವಿಷಯ. ಗೌತಮನ ನ್ಯಾಯಸೂತ್ರಗಳು ವಿದ್ವಾಂಸರ ಚರ್ಚೆಯನ್ನು ವಾದ, ಜಲ್ಪ, ವಿತಂಡೆಯೆಂದು ಮೂರು ಬಗೆಯಾಗಿ ಹೇಳುತ್ತವೆ. ತತ್ತ್ವವನ್ನು ತಿಳಿಯಬೇಕೆಂಬ ಇಚ್ಛೆಯಿಂದ ಪ್ರಮಾಣಗಳನ್ನು ಹಿಡಿದು ನಡೆಯುವುದು ವಾದ. ಗೆಲ್ಲಬೇಕೆಂಬ ಹಟದಿಂದ ಛಲವನ್ನೂ ಉಪಯೋಗಿಸುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಾಳಿಯನ್ನು ಕೆಡಹುವುದಷ್ಟೇ ಗುರಿಯಾದುದು ವಿತಂಡೆ. ಜಾಲತಾಣದಲ್ಲಿ ಈ ಮೂರೂ ನಡೆಯಬಲ್ಲವು. ಆದರೆ ಆ ತಾಣದ ರಚನೆಯು ಮೂರಕ್ಕೂ ಸಮನಾದ ಅನುಕೂಲವನ್ನು ಕೊಡುವುದಿಲ್ಲ. ೨೦೦೬ರಲ್ಲಿ ಹುಟ್ಟಿದ ಟ್ವಿಟರು, ಎಂದರೆ ೨೦೨೩ರಿಂದ ಎಕ್ಸ್ ಎಂದು ಕರೆಸಿಕೊಳ್ಳುತ್ತಿರುವ ತಾಣವು, ಮೊದಲು ೧೪೦ ಅಕ್ಷರಗಳಿಗೂ ೨೦೧೭ರಿಂದ ೨೮೦ ಅಕ್ಷರಗಳಿಗೂ ಮಾತನ್ನು ಮಿತಗೊಳಿಸಿತು. ಒಂದು ಪ್ರತಿಜ್ಞೆಯನ್ನು ಹೇಳಲು ಅಷ್ಟು ಸಾಕು. ಅದರ ಹೇತು, ಉದಾಹರಣೆ, ವಿನಾಯಿತಿಗಳನ್ನು ಹೇಳಲು ಸಾಲದು. ಕೆಡಹುವ ಮಾತು ಚಿಕ್ಕದಾಗಿರಬಲ್ಲದು, ಕಟ್ಟುವ ಮಾತು ಉದ್ದವಾಗಬೇಕಾಗುತ್ತದೆ. ಆದುದರಿಂದ ಚಿಕ್ಕ ಮಾತಿಗೆ ಬಹುಮಾನ ಕೊಡುವ ತಾಣದಲ್ಲಿ ವಿತಂಡೆಗೆ ಮೇಲುಗೈಯಾಗುವುದು ಆಕಸ್ಮಿಕವಲ್ಲ.

ನ್ಯಾಯಶಾಸ್ತ್ರವು ಛಲವೆಂದರೇನೆಂಬುದಕ್ಕೆ ಕೊಡುವ ಉದಾಹರಣೆ ಬಲು ಸೊಗಸಾದುದು. 'ಈ ಹುಡುಗನು ನವಕಂಬಳವುಳ್ಳವನು' ಎಂದು ಒಬ್ಬನು ಹೇಳುತ್ತಾನೆ. ಹೊಸ ಕಂಬಳಿ ಎಂಬುದು ಅವನ ಅಭಿಪ್ರಾಯ. ಎದುರಾಳಿಯು ನವ ಎಂಬ ಮಾತಿಗೆ ಒಂಬತ್ತು ಎಂಬ ಅರ್ಥವನ್ನು ಹಿಡಿದು, 'ಒಂಬತ್ತು ಕಂಬಳಿ ಎಲ್ಲಿದೆ? ಇರುವುದು ಒಂದೇ!' ಎಂದು ನಗುತ್ತಾನೆ. ಸಭೆಯಲ್ಲಿ ಹೇಳಿದವನು ಎದುರಿಗಿರುತ್ತಾನೆ, ತಿದ್ದಿಕೊಳ್ಳಲು ಅವಕಾಶವಿದೆ. ಪುಟದ ಚಿತ್ರವೊಂದು ಊರಿಂದೂರಿಗೆ ಹಾರುವಾಗ ಹೇಳಿದವನು ಜೊತೆಯಲ್ಲಿ ಹೋಗುವುದಿಲ್ಲ, ಹಿಂದಿನ ಮುಂದಿನ ವಾಕ್ಯಗಳೂ ಹೋಗುವುದಿಲ್ಲ. ಸಾವಿರ ಮಂದಿ ಒಂಬತ್ತು ಕಂಬಳಿಯನ್ನು ಹುಡುಕಿ ನಕ್ಕ ಮೇಲೆ ಹೊಸ ಕಂಬಳಿಯ ಸಮಾಧಾನವನ್ನು ಕೇಳುವವರು ಯಾರು?

ಆ ಶಾಸ್ತ್ರವೇ ಸೋಲಿನ ನೆಲೆಗಳೆಂದು ಇಪ್ಪತ್ತೆರಡು ನಿಗ್ರಹಸ್ಥಾನಗಳನ್ನು ಎಣಿಸಿದೆ. ಅವುಗಳಲ್ಲಿ ಅನನುಭಾಷಣ ಎಂಬುದೊಂದು. ಸಭೆಗೆ ಅರ್ಥವಾಗುವಂತೆ ಮೂರು ಸಾರಿ ಹೇಳಿದ ಮೇಲೂ ಎದುರಾಳಿಯ ಮಾತನ್ನು ತಿರುಗಿ ಹೇಳಲಾರದವನು ಅಲ್ಲಿಗೇ ಸೋತನು. ಖಂಡಿಸುವ ಹಕ್ಕು ಬರುವುದು ಅನುವಾದಿಸುವ ಶಕ್ತಿಯಿದ್ದವನಿಗೆ ಮಾತ್ರ ಎಂಬುದು ಇದರ ತಾತ್ಪರ್ಯ. ನಮ್ಮ ಭಾಷ್ಯಕಾರರೆಲ್ಲ ಮೊದಲು ಪೂರ್ವಪಕ್ಷವನ್ನು ತಮ್ಮದೋ ಎಂಬಂತೆ ಕಟ್ಟಿ ನಿಲ್ಲಿಸಿ ಆಮೇಲೆ ಸಿದ್ಧಾಂತಕ್ಕೆ ಹೋದುದು ಈ ಧರ್ಮವನ್ನು ಅನುಸರಿಸಿಯೇ. ಪಶ್ಚಿಮದಲ್ಲಿಯೂ ಇದಕ್ಕೆ ಸಾಟಿಯಾದ ನಡತೆಯಿದೆ. ಫ್ರಾನ್ಸಿನ ಡೇಕಾರ್ಟನು ತನ್ನ 'ಮೆಡಿಟೇಷನ್ಸ್' ಗ್ರಂಥವನ್ನು ೧೬೪೧ರಲ್ಲಿ ಅಚ್ಚು ಹಾಕಿಸುವುದಕ್ಕೆ ಮೊದಲೇ ಪ್ಯಾರಿಸಿನ ಮೆರ್ಸೆನ್ನನ ಮೂಲಕ ವಿದ್ವಾಂಸರಿಗೆ ಓದಲು ಕಳುಹಿಸಿ, ಹಾಬ್ಸ್, ಗಸೆಂಡಿ, ಆರ್ನೋ ಮೊದಲಾದವರ ಆಕ್ಷೇಪಗಳನ್ನು ತನ್ನ ಉತ್ತರಗಳೊಡನೆ ಅದೇ ಸಂಪುಟದಲ್ಲಿ ಸೇರಿಸಿದನು. ಅದೂ ದೂರದವರ ನಡುವೆ ಕಾಗದದ ಮೂಲಕ ನಡೆದ ಚರ್ಚೆಯೇ. ಹಾಗೆಂದ ಮೇಲೆ ದೂರವೂ ಸಾಧನವೂ ವಾದವನ್ನು ಕೆಡಿಸುವುದಿಲ್ಲ. ಓದುವುದಕ್ಕೂ ಉತ್ತರ ಕೊಡುವುದಕ್ಕೂ ನಡುವಣ ಕಾಲವನ್ನು ಕಿತ್ತುಹಾಕುವುದೇ ಕೆಡಿಸುತ್ತದೆ.

ಇಲ್ಲಿ ಒಂದು ವಿಷಮವಾದ ಫಲವನ್ನು ಗಮನಿಸಬೇಕು. ಎದುರಾಳಿಯ ಮಾತನ್ನು ಅರೆಮನಸ್ಸಿನಿಂದ ಹೇಳಿ ಮುಗಿಸುವವನ ಪುಟದಲ್ಲಿ ಕೆಂಪು ಗೆರೆಗೆ ಸಿಗುವ ವಾಕ್ಯಗಳು ಕಡಮೆ. ಪೂರ್ವಪಕ್ಷವನ್ನು ಪ್ರಾಮಾಣಿಕವಾಗಿ, ಪೂರ್ಣಬಲದಿಂದ ಬರೆಯುವವನ ಪುಟದಲ್ಲಿಯೇ ಅಂತಹ ವಾಕ್ಯಗಳು ಹೇರಳ. ಹೀಗೆ ಚಿತ್ರ ಕಿತ್ತು ಹಂಚುವ ಪದ್ಧತಿಯು ದಂಡಿಸುವುದು ವಾದಧರ್ಮವನ್ನು ಬಿಟ್ಟವನನ್ನಲ್ಲ, ಅದನ್ನು ಪಾಲಿಸಿದವನನ್ನು. ಈ ದಂಡನೆಯ ಭಯವು ಬೇರೂರಿದರೆ ಬರೆಯುವವರು ಪೂರ್ವಪಕ್ಷವನ್ನು ಬರೆಯುವುದನ್ನೇ ಬಿಡುವರು. ಪೂರ್ವಪಕ್ಷವಿಲ್ಲದ ತತ್ತ್ವಶಾಸ್ತ್ರವು ಘೋಷಣೆಯಾದೀತೇ ಹೊರತು ಶಾಸ್ತ್ರವಾಗದು.

೫

ಇದು ಬರಿಯ ಊಹೆಯ ಭಯವಲ್ಲ. ಅಮೆರಿಕದ ತತ್ತ್ವಶಾಸ್ತ್ರ ಪತ್ರಿಕೆಯಾದ 'ಹೈಪೇಶಿಯ'ದಲ್ಲಿ ೨೦೧೭ರ ವಸಂತದಲ್ಲಿ ಒಂದು ಲೇಖನ ಅಚ್ಚಾಯಿತು. ಲಿಂಗಾಂತರವನ್ನು ಸಮರ್ಥಿಸುವ ಯುಕ್ತಿಗಳು ಜನಾಂಗವನ್ನು ಬದಲಿಸಿಕೊಳ್ಳುವುದಕ್ಕೂ ಸಲ್ಲುವುವೆಂಬುದು ಅದರ ವಾದ. ಬರೆದವರು ಇನ್ನೂ ಕೆಲಸ ಖಾಯಮಾಗದ ಅಧ್ಯಾಪಕಿ. ಫೇಸ್‌ಬುಕ್ಕಿನಲ್ಲಿಯೂ ಟ್ವಿಟರಿನಲ್ಲಿಯೂ ಆಕ್ರೋಶವೆದ್ದು, ಲೇಖನವನ್ನು ಹಿಂದೆಗೆದುಕೊಳ್ಳಬೇಕೆಂಬ ಬಹಿರಂಗ ಪತ್ರಕ್ಕೆ ಕೆಲವೇ ದಿನಗಳಲ್ಲಿ ಎಂಟುನೂರಕ್ಕೆ ಮೀರಿದ ಹೆಸರುಗಳು ಬಿದ್ದವು. ಪತ್ರಿಕೆಯ ಸಹಸಂಪಾದಕರಲ್ಲಿ ಹೆಚ್ಚಿನವರು ಫೇಸ್‌ಬುಕ್ಕಿನಲ್ಲಿಯೇ ಕ್ಷಮಾಪಣೆಯನ್ನು ಪ್ರಕಟಿಸಿದರು. ಪ್ರಧಾನ ಸಂಪಾದಕಿಯಾದರೋ ಪ್ರಕಟಣೆಯನ್ನು ಸಮರ್ಥಿಸಿ ನಿಂತು, ಅದೇ ವರ್ಷ ಸ್ಥಾನವನ್ನು ಬಿಟ್ಟರು. ಲೇಖನವನ್ನು ಪತ್ರಿಕೆಯು ಹಿಂದೆಗೆದುಕೊಳ್ಳಲಿಲ್ಲ.

ಟೀಕಾಕಾರರ ಮಾತಿನಲ್ಲಿ ಹುರುಳಿರಲಿಲ್ಲವೆಂದಲ್ಲ. ಯಾರ ಬಾಳನ್ನು ಕುರಿತು ಲೇಖನವು ಮಾತನಾಡಿತೋ ಆ ಜನರ ವಿದ್ವಾಂಸರು ಬರೆದುದನ್ನು ಅದು ಸಾಕಷ್ಟು ಗಮನಕ್ಕೆ ತೆಗೆದುಕೊಂಡಿಲ್ಲವೆಂಬುದು ಅವರ ಮುಖ್ಯ ಆಕ್ಷೇಪ. ಅದು ವಿಚಾರಕ್ಕೆ ಅರ್ಹವಾದ ಆಕ್ಷೇಪವೇ. ಆದರೆ ಅಂತಹ ಆಕ್ಷೇಪಕ್ಕೆ ತಕ್ಕ ರೂಪವು ಪ್ರತಿಲೇಖನವಲ್ಲದೆ ಹೆಸರುಗಳ ಪಟ್ಟಿಯಲ್ಲ. ಪ್ರತಿಲೇಖನವನ್ನು ಬರೆಯುವವನು ಮೂಲವನ್ನು ಓದಲೇಬೇಕು. ಪಟ್ಟಿಗೆ ಹೆಸರು ಸೇರಿಸಲು ಓದಬೇಕಾದುದಿಲ್ಲ. ಎಂಟುನೂರು ಹೆಸರುಗಳು ಸೇರಿದರೂ ಒಂದು ಹೇತುವಿನ ಬಲ ಎಂಟುನೂರು ಪಾಲು ಹೆಚ್ಚುವುದಿಲ್ಲ.

ಇದಕ್ಕಿಂತ ಎಷ್ಟೋ ಘೋರವಾದ ನಿದರ್ಶನವು ಕರ್ನಾಟಕದಲ್ಲಿಯೇ ನಡೆದಿದೆ. ೨೦೧೮ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಸುದ್ದಿಯನ್ನು ನಂಬಿದ ಜನರು ಹೈದರಾಬಾದಿನಿಂದ ಬಂದಿದ್ದ ನಿರಪರಾಧಿಯೊಬ್ಬನನ್ನು ಹೊಡೆದು ಕೊಂದರು. ಆ ತಿಂಗಳೇ ವಾಟ್ಸಾಪ್ ಕಂಪೆನಿಯು ಈ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಕಟ್ಟು ಮಾಡಿತು. ವಿದ್ವಾಂಸರ ಖಂಡನಾಪತ್ರವನ್ನೂ ಹಳ್ಳಿಯ ಕೊಲೆಯನ್ನೂ ಸಮವೆಂದು ಹೇಳುವುದು ಅವಿವೇಕ. ಒಂದರಿಂದ ಮನಸ್ಸು ನೋಯುತ್ತದೆ, ಕೆಲಸ ಹೋಗಬಹುದು. ಇನ್ನೊಂದರಿಂದ ಪ್ರಾಣವೇ ಹೋಯಿತು. ಆದರೆ ಬುದ್ಧಿಯ ತಪ್ಪು ಎರಡರಲ್ಲಿಯೂ ಒಂದೇ: ತಾನು ಕಾಣದುದನ್ನು, ಪರೀಕ್ಷಿಸದುದನ್ನು, ಹತ್ತು ಮಂದಿ ಹೇಳಿದರೆಂಬ ಕಾರಣಕ್ಕೆ ತನ್ನದೆಂದು ಮುಂದಕ್ಕೆ ದಾಟಿಸುವುದು. ಓದಿದವರಲ್ಲಿ ಈ ತಪ್ಪು ಓದದವರಲ್ಲಿರುವುದಕ್ಕಿಂತ ಹಗುರವೆನ್ನುವ ಹಾಗಿಲ್ಲ. ಅವರಿಗೆ ಪರೀಕ್ಷಿಸುವ ಸಾಮರ್ಥ್ಯವಿತ್ತು.

ಇಂಗ್ಲೆಂಡಿನ ಗಣಿತಜ್ಞನೂ ತತ್ತ್ವಜ್ಞನೂ ಆದ ಕ್ಲಿಫರ್ಡನು ೧೮೭೭ರಲ್ಲಿ ನಂಬಿಕೆಯ ನೀತಿಯನ್ನು ಕುರಿತು ಬರೆದ ಪ್ರಬಂಧದಲ್ಲಿ ಒಬ್ಬ ಹಡಗಿನ ಯಜಮಾನನ ಕಥೆಯನ್ನು ಹೇಳುತ್ತಾನೆ. ಹಡಗು ಹಳತೆಂದು ಅವನಿಗೆ ಸಂಶಯವಿತ್ತು. ಪರೀಕ್ಷೆ ಮಾಡಿಸದೆ, ಏನೂ ಆಗದೆಂದು ತನ್ನನ್ನು ತಾನೇ ಒಪ್ಪಿಸಿಕೊಂಡು, ಜನರನ್ನು ಹತ್ತಿಸಿ ಕಳುಹಿಸಿದನು. ಹಡಗು ಮುಳುಗಿತು. ಅವನು ಅಪರಾಧಿಯೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಹಡಗು ಮುಳುಗದೆ ದಡ ಸೇರಿದ್ದರೂ ಅವನ ಅಪರಾಧವು ಒಂದು ಎಳ್ಳಿನಷ್ಟೂ ತಗ್ಗುವುದಿಲ್ಲವೆಂಬುದು ಕ್ಲಿಫರ್ಡನ ನಿರ್ಣಯ. ತಪ್ಪಿರುವುದು ಫಲದಲ್ಲಲ್ಲ, ನಂಬಿದ ರೀತಿಯಲ್ಲಿ. ಈ ಯುಕ್ತಿಯನ್ನು ಅಬ್ಬಿಗೆರೆಯ ಉಪನ್ಯಾಸಕನ ಸಂದರ್ಭಕ್ಕೆ ಹಚ್ಚಿ ನೋಡಬಹುದು. ಓದದೆ ಸಹಿ ಹಾಕಿದ ಮೇಲೆ ಆ ಲೇಖನವು ನಿಜವಾಗಿಯೂ ಕೆಟ್ಟುದೆಂದೇ ತಿಳಿದುಬಂದರೂ ಅವನ ಸಹಿಯು ನ್ಯಾಯವಾಗುವುದಿಲ್ಲ. ಕುರುಡಾಗಿ ಎಸೆದ ಕಲ್ಲು ಕಳ್ಳನಿಗೇ ತಗಲಿದರೂ ಎಸೆದವನು ನ್ಯಾಯಾಧೀಶನಾಗನು.

೬

ಇದಕ್ಕೆ ಬಲವಾದ ಪ್ರತಿವಾದವೊಂದಿದೆ. ಅದನ್ನು ಮುಚ್ಚಿಡುವುದು ಮೇಲೆ ಹೇಳಿದ ಧರ್ಮಕ್ಕೇ ವಿರೋಧ. 'ನಿಧಾನ, ಪ್ರತಿಲೇಖನ, ಪರಿಶೀಲನೆ ಎಂಬುವೆಲ್ಲ ಬಲವುಳ್ಳವರ ಮಾತು. ಪತ್ರಿಕೆಗಳ ಬಾಗಿಲು ತಟ್ಟಿದರೂ ತೆರೆಯದೆ ಹೋದ ಕಿರಿಯರಿಗೆ, ಹಿರಿಯರಿಂದ ಪೀಡೆಗೊಳಗಾಗಿ ಬಾಯಿ ಬಿಡಲಾರದೆ ಇದ್ದ ವಿದ್ಯಾರ್ಥಿನಿಯರಿಗೆ ದನಿ ಕೊಟ್ಟುದು ಜಾಲತಾಣವೇ. ಅಂಥವರಿಗೆ ತಡೆದುಕೊಳ್ಳಿರೆಂದು ಹೇಳುವುದು ಬಾಯಿ ಮುಚ್ಚಿಕೊಳ್ಳಿರೆಂದಂತೆ' ಎಂದು ಕೆಲವರು ಹೇಳುತ್ತಾರೆ. ಇದರಲ್ಲಿ ಸತ್ಯಾಂಶ ಬಹಳವಿದೆ. ೨೦೧೭ರ ಕೊನೆಯಲ್ಲಿ ಈ ದೇಶದ ವಿಶ್ವವಿದ್ಯಾನಿಲಯಗಳಲ್ಲಿಯೂ ಹೊರದೇಶಗಳಲ್ಲಿಯೂ ಲೈಂಗಿಕ ಕಿರುಕುಳದ ಎಷ್ಟೋ ದೂರುಗಳು ಹೊರಬಂದುದು ಈ ದಾರಿಯಿಂದಲೇ.

ಆದರೆ ಸಾಕ್ಷ್ಯ ಹೇಳುವುದು ಬೇರೆ, ತೀರ್ಪು ಕೊಡುವುದು ಬೇರೆ. ತನಗಾದ ಅನ್ಯಾಯವನ್ನು ಹೇಳುವವಳಿಗೆ ಆ ಸಂಗತಿಯು ಪ್ರತ್ಯಕ್ಷಪ್ರಮಾಣದಿಂದ ತಿಳಿದುದು. ಅವಳು ಕಾಯಬೇಕಾದುದಿಲ್ಲ, ಅವಳಿಗೆ ಕಿವಿಗೊಡುವುದು ಕೇಳಿದವರ ಕರ್ತವ್ಯ. ಒಂದು ವಾಕ್ಯದ ಚಿತ್ರವನ್ನು ಕಂಡು ಅದರ ಕರ್ತನಿಗೆ ಶಿಕ್ಷೆಯನ್ನು ಬಯಸುವವನಿಗೆ ಆ ಬಗೆಯ ಪ್ರಮಾಣವಿಲ್ಲ. ಅವನಿಗೆ ಬೇಕಾದ ಪ್ರಮಾಣವು ಅರ್ಧ ದಿನದ ಓದಿನಿಂದ ಸಿಗತಕ್ಕದ್ದು. ಅದನ್ನು ಅವನು ಬೇಡವೆಂದು ಬಿಟ್ಟಿದ್ದಾನೆ. ನೊಂದವರ ಅವಸರವನ್ನು ಮುಂದಿಟ್ಟುಕೊಂಡು ನೋಡುಗರು ತಮ್ಮ ಅವಸರವನ್ನು ಸಮರ್ಥಿಸಿಕೊಳ್ಳಲಾಗದು.

ಜಲ್ಪಕ್ಕೂ ವಿತಂಡೆಗೂ ನ್ಯಾಯಸೂತ್ರಕಾರನೇ ಒಂದು ಉಪಯೋಗವನ್ನು ಒಪ್ಪಿದ್ದಾನೆ. ಎಳೆಯ ಪೈರನ್ನು ಕಾಯಲು ಮುಳ್ಳಿನ ಬೇಲಿಯನ್ನು ಕಟ್ಟುವಂತೆ ತತ್ತ್ವನಿಶ್ಚಯವನ್ನು ಕಾಯಲು ಅವು ಬೇಕೆಂದು ಅವನ ಅಭಿಪ್ರಾಯ. ದಬ್ಬಾಳಿಕೆಯ ದನಗಳು ನುಗ್ಗುವ ಕಡೆ ಮುಳ್ಳಿರಲಿ. ಆದರೆ ಬೇಲಿಯ ಕೆಲಸವು ಕಾಯುವುದೇ ವಿನಾ ಬೆಳೆಯುವುದಲ್ಲ. ವರ್ಷವಿಡೀ ಬೇಲಿಯನ್ನೇ ಕಟ್ಟುತ್ತ ಹೊಲವನ್ನು ಉಳದೆ ಬಿಟ್ಟವನಿಗೆ ಸುಗ್ಗಿಯಲ್ಲಿ ಸಿಗುವುದು ಮುಳ್ಳೇ. ಬೇಲಿಯೇ ಎದ್ದು ಹೊಲವನ್ನು ಮೇಯ್ದರಂತೂ ಕಾಯುವವರೇ ಇಲ್ಲ.

೭

ಮತ್ತೆ ಅಬ್ಬಿಗೆರೆಯ ಮನೆಗೆ ಬರಬಹುದು. ಉಪನ್ಯಾಸಕನು ಮೊಬೈಲನ್ನು ಹಿಡಿದು ನಡುಮನೆಯಲ್ಲಿ ಶತಪಥ ತಿರುಗುತ್ತಿದ್ದಾನೆ. ಅಡುಗೆಮನೆಯ ಬಾಗಿಲಿಗೆ ಬಂದ ತಾಯಿ, ಏನೆಂದು ವಿಚಾರಿಸುತ್ತಾಳೆ. ಅವನು ಹೇಳುತ್ತಾನೆ. ಅವಳಿಗೆ ದರ್ಶನಶಾಸ್ತ್ರ ತಿಳಿಯದು. 'ಅವರು ಬರೆದದ್ದನ್ನ ನೀನು ಓದಿದೀಯೇನಪ್ಪ?' ಎಂದು ಒಂದೇ ಮಾತು ಕೇಳುತ್ತಾಳೆ. ಇಲ್ಲವೆನ್ನಬೇಕಾಗುತ್ತದೆ. 'ಹಾಗಾದರೆ ಓದು' ಎಂದು ದೀಪವನ್ನು ಆರಿಸಿ ಮಲಗಲು ಹೋಗುತ್ತಾಳೆ. ಇಪ್ಪತ್ತೆರಡು ನಿಗ್ರಹಸ್ಥಾನಗಳ ಸಾರವು ಆ ಪ್ರಶ್ನೆಯಲ್ಲಿ ಅಡಗಿದೆ.

ಅವನು ಗುಂಪಿನಲ್ಲಿ, 'ಲೇಖನವನ್ನು ನಾನಿನ್ನೂ ಓದಿಲ್ಲ. ಓದಿದ ಮೇಲೆ ನನ್ನ ಅಭಿಪ್ರಾಯವನ್ನು ಬರೆದು ತಿಳಿಸುತ್ತೇನೆ' ಎಂದಷ್ಟೇ ಹಾಕುತ್ತಾನೆಂದು ಭಾವಿಸಬಹುದು. ಇದು ಮೌನವಲ್ಲ, ಜಾರಿಕೆಯೂ ಅಲ್ಲ. ತನ್ನ ಅಜ್ಞಾನವನ್ನು ಒಪ್ಪಿಕೊಂಡು ತನ್ನ ಕರ್ತವ್ಯವನ್ನು ಹೇಳಿಕೊಂಡುದು. ಮರುದಿನ ಜಾಲಹಳ್ಳಿಯ ನಿಲ್ದಾಣದಲ್ಲಿ ಮೆಟ್ರೋ ಹತ್ತಿ ಅದೇ ಮೊಬೈಲಿನಲ್ಲಿ ಲೇಖನವನ್ನು ಮೊದಲಿಂದ ಕೊನೆಯವರೆಗೆ ಓದುತ್ತಾನೆ. ಕೆಂಪು ಗೆರೆಯ ವಾಕ್ಯವು ಪೂರ್ವಪಕ್ಷದ್ದೆಂದೂ, ಮುಂದಿನ ಆರು ಪುಟಗಳು ಅದರ ಖಂಡನೆಗೇ ಮೀಸಲೆಂದೂ ಕಂಡುಬಂದರೆ, ಅದನ್ನು ಗುಂಪಿಗೆ ತಿಳಿಸುವುದು ಅವನ ಕೆಲಸ. ಹಾಗಲ್ಲದೆ ವಾಕ್ಯವು ಆ ವಿದ್ವಾಂಸರ ಸಿದ್ಧಾಂತವೇ ಎಂದಾದರೆ, ಅವರ ವಾದವನ್ನು ಅವರೇ ಒಪ್ಪುವಂತೆ ಮೊದಲು ಹೇಳಿ ಅನಂತರ ಅದನ್ನು ಖಂಡಿಸಿ ತನ್ನ ಹೆಸರಿನಲ್ಲಿ ಬರೆಯುವುದು ಅವನ ಕೆಲಸ. ಎರಡು ಸಂದರ್ಭಗಳಲ್ಲಿಯೂ ಮೊದಲ ಹೆಜ್ಜೆ ಒಂದೇ.

ಇದಕ್ಕಾಗಿ ಅವನು ಬೆಲೆ ತೆರಬೇಕಾಗಬಹುದು. ಮುಂದಿನ ವರ್ಷದ ನೇಮಕದಲ್ಲಿ ಅವನ ಹೆಸರು ಬಿಟ್ಟುಹೋಗಲೂಬಹುದು. ಧರ್ಮವನ್ನು ಪಾಲಿಸಿದವನಿಗೆ ಕೇಡಾಗುವುದಿಲ್ಲವೆಂದು ಯಾವ ಶಾಸ್ತ್ರವೂ ಭರವಸೆ ಕೊಟ್ಟಿಲ್ಲ. ಆದುದರಿಂದಲೇ ಕೆಲಸ ಖಾಯಮಾಗಿರುವ ಹಿರಿಯರ ಹೊಣೆ ಹೆಚ್ಚಿನದು. ಓದುವವರೆಗೆ ಕಾಯುವ ಸ್ವಾತಂತ್ರ್ಯವನ್ನು ಕಿರಿಯರಿಗೆ ಕೊಡದವರು ತಮ್ಮ ಗುಂಪಿಗೆ ತತ್ತ್ವಶಾಸ್ತ್ರದ ಹೆಸರನ್ನು ಇಟ್ಟುಕೊಳ್ಳುವುದು ತಕ್ಕುದಲ್ಲ.

ಯಂತ್ರವನ್ನು ಬಿಡದೆ ವಾದಧರ್ಮವನ್ನು ಉಳಿಸಿಕೊಳ್ಳಲು ಕಠಿಣವಾದ ವ್ರತಗಳು ಬೇಕಾಗಿಲ್ಲ. ಪೂರ್ತಿ ಓದದುದನ್ನು ಖಂಡಿಸದಿರುವುದು. ಖಂಡಿಸುವ ಮೊದಲು ಎದುರಿನವರ ಮಾತನ್ನು ಅವರು ಒಪ್ಪುವಂತೆ ತಿರುಗಿ ಹೇಳುವುದು. ಸಿಟ್ಟು ಬಂದ ದಿನದ ಉತ್ತರವನ್ನು ಒಂದು ರಾತ್ರಿ ಇಟ್ಟುಕೊಂಡು ಕಳುಹಿಸುವುದು. ತರಗತಿಯಲ್ಲಿ ತಡವರಿಸುತ್ತ ಯೋಚಿಸುವ ವಿದ್ಯಾರ್ಥಿಯ ಮಾತನ್ನು ಹೊರಗೆ ಹಂಚದಿರುವುದು. ನಾಲ್ವರು ಕುಳಿತು ಚರ್ಚಿಸುವಾಗ ಮೊಬೈಲನ್ನು ಚೀಲದೊಳಗೆ ಇಡುವುದು. ಇವು ಐದೂ ಇಂದೇ ಆರಂಭಿಸಬಹುದಾದವು. ಮನೆಗಳಲ್ಲಿ ತಾಯಿತಂದೆಗಳೂ ಮಕ್ಕಳೂ ಇವನ್ನೇ ಪಾಲಿಸಿದರೆ ನಷ್ಟವೇನೂ ಇಲ್ಲ.

ಏರಿ ಕಟ್ಟಿದವರು ಮಳೆಯನ್ನು ದ್ವೇಷಿಸಿದವರಲ್ಲ. ಹರಿದು ಬಂದ ನೀರು ನಿಂತು ತಿಳಿಯಾಗಿ ಕುಡಿಯುವವರಿಗೆ ದಕ್ಕಲೆಂದು ಅವರು ಕಟ್ಟಿದರು. ಈಗ ಲೋಕದ ಮಾತೆಲ್ಲ ಅಂಗೈಗೆ ಹರಿದು ಬರುತ್ತಿದೆ. ಅದನ್ನು ಕೊಂಚ ಹೊತ್ತು ನಿಲ್ಲಿಸಿಕೊಳ್ಳುವುದು ಓದಿದವರ ಪಾಲಿನ ಕೆಲಸ.